ಶೀರ್ಷಿಕೆ ಬ್ಯಾನರ್ (ಜಾಲಪುಟ)

ಶೀರ್ಷಿಕೆ ಬ್ಯಾನರ್ ಎಂಬುದು ಜಾಲಪುಟದ ಮೇಲ್ಭಾಗದಲ್ಲಿ ಅಡ್ಡಲಾಗಿ ಹರಡಿಕೊಂಡಿರುವ, ಅಗಲ ಹೆಚ್ಚಾಗಿಯೂ ಎತ್ತರ ಕಡಿಮೆಯಾಗಿಯೂ ಇರುವ ಚಿತ್ರವಾಗಿದೆ. ಪುಟದ ಹೆಸರು, ಅದು ಸೇರಿದ ಊರು ಅಥವಾ ಸಂಸ್ಥೆ ಮತ್ತು ಅದರ ವಿಷಯವನ್ನು ಒಂದೇ ನೋಟಕ್ಕೆ ತಿಳಿಸುವುದು ಇದರ ಉದ್ದೇಶ. ಜಾಹೀರಾತಿನ ಬ್ಯಾನರ್‌ಗಿಂತ ಇದು ಭಿನ್ನವಾದುದು. ಜಾಹೀರಾತು ಬದಲಾಗುತ್ತಿರುತ್ತದೆ, ಶೀರ್ಷಿಕೆ ಬ್ಯಾನರ್ ಪುಟದ ಗುರುತಾಗಿ ಬಹುಕಾಲ ಉಳಿಯುತ್ತದೆ. ಜಿಂಪ್, ಇಂಕ್‌ಸ್ಕೇಪ್, ಕ್ರಿಟಾ ಮೊದಲಾದ ಮುಕ್ತ ತಂತ್ರಾಂಶಗಳಿಂದ ಇಂತಹ ಬ್ಯಾನರ್‌ಗಳನ್ನು ಯಾವುದೇ ಪರವಾನಗಿ ಶುಲ್ಕವಿಲ್ಲದೆ ರಚಿಸಬಹುದಾಗಿದೆ.

ಕನ್ನಡದ ಬ್ಯಾನರ್ ರಚನೆಯಲ್ಲಿ ಚಿತ್ರದ ಅಂದಕ್ಕಿಂತ ಮೊದಲು ಬರುವ ಪ್ರಶ್ನೆ ಅಕ್ಷರ ಜೋಡಣೆಯದು. ಒತ್ತಕ್ಷರಗಳು ಬಿಡಿಬಿಡಿಯಾಗಿ ಮೂಡಿದರೆ ಊರಿನ ಹೆಸರೇ ತಪ್ಪಾಗಿ ಪ್ರಕಟವಾಗುತ್ತದೆ, ಮತ್ತು ಆ ತಪ್ಪು ಚಿತ್ರದ ಭಾಗವಾಗಿಬಿಡುವುದರಿಂದ ಓದುಗರು ಅದನ್ನು ಸರಿಪಡಿಸಲಾರರು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪ್ರದೇಶದಲ್ಲಿ ಕನ್ನಡದ ಜೊತೆಗೆ ಉರ್ದು, ತೆಲುಗುಗಳೂ ಬಳಕೆಯಲ್ಲಿರುವುದರಿಂದ ಅಲ್ಲಿನ ಬ್ಯಾನರ್‌ಗಳಲ್ಲಿ ಈ ಪ್ರಶ್ನೆಯು ಒಂದಕ್ಕಿಂತ ಹೆಚ್ಚು ಲಿಪಿಗಳಿಗೆ ವಿಸ್ತರಿಸುತ್ತದೆ. ಕೆಳಗಿನ ವಿಭಾಗಗಳಲ್ಲಿ ಈ ಪ್ರದೇಶದ ಸ್ಥಳಗಳನ್ನು ಉದಾಹರಣೆಗಳಾಗಿ ಬಳಸಲಾಗಿದೆ.

## ತಂತ್ರಾಂಶಗಳು

### ಜಿಂಪ್

ಜಿಂಪ್ ಛಾಯಾಚಿತ್ರಗಳನ್ನು ತಿದ್ದಲು ಮತ್ತು ಪಿಕ್ಸೆಲ್ ಆಧಾರಿತ ಚಿತ್ರಗಳನ್ನು ರಚಿಸಲು ಬಳಸುವ ಮುಕ್ತ ತಂತ್ರಾಂಶ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಇದರ ಕೆಲಸವನ್ನು 1995ರಲ್ಲಿ ಆರಂಭಿಸಿದರು. ಮೊದಲ ಸಾರ್ವಜನಿಕ ಆವೃತ್ತಿ 1996ರಲ್ಲಿ ಹೊರಬಂದಿತು. 2004ರ 2.0, 2012ರ 2.8, 2018ರ 2.10 ಮತ್ತು 2025ರ 3.0 ಇದರ ಪ್ರಮುಖ ಆವೃತ್ತಿಗಳಾಗಿವೆ. ಗ್ನೂ ಸಾರ್ವಜನಿಕ ಪರವಾನಗಿಯಡಿ ಹಂಚಿಕೆಯಾಗುವ ಇದನ್ನು ಲಿನಕ್ಸ್, ವಿಂಡೋಸ್ ಮತ್ತು ಮ್ಯಾಕ್ ಗಣಕಗಳಲ್ಲಿ ಸ್ಥಾಪಿಸಿಕೊಳ್ಳಬಹುದು.

ಕನ್ನಡದ ದೃಷ್ಟಿಯಿಂದ ಜಿಂಪ್‌ನ ಮುಖ್ಯ ಗುಣವೆಂದರೆ, ಅದರ ಪಠ್ಯ ಉಪಕರಣವು ಅಕ್ಷರಗಳನ್ನು ಜೋಡಿಸಲು ಪ್ಯಾಂಗೋ ಎಂಬ ಗ್ರಂಥಾಲಯವನ್ನು ಅವಲಂಬಿಸಿರುವುದು. ಪ್ಯಾಂಗೋ ಇಂದು ಹಾರ್ಫ್‌ಬಝ್ ಎಂಬ ಮತ್ತೊಂದು ಮುಕ್ತ ಗ್ರಂಥಾಲಯದ ಮೂಲಕ ಒತ್ತಕ್ಷರ, ಗುಣಿತಾಕ್ಷರ ಮತ್ತು ಅರ್ಕಾವತ್ತುಗಳನ್ನು ಅವುಗಳ ಸರಿಯಾದ ಸ್ಥಾನದಲ್ಲಿ ಕೂರಿಸುತ್ತದೆ.

### ಇಂಕ್‌ಸ್ಕೇಪ್ ಮತ್ತು ಕ್ರಿಟಾ

2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ರೇಖೆಗಳನ್ನು ಗಣಿತದ ಆಕಾರಗಳಾಗಿ ಉಳಿಸಿಕೊಳ್ಳುತ್ತದೆ. ಹೀಗಾಗಿ ಅದರಲ್ಲಿ ರಚಿಸಿದ ಅಕ್ಷರ ಅಥವಾ ಲಾಂಛನವನ್ನು ಎಷ್ಟು ಹಿಗ್ಗಿಸಿದರೂ ಅಂಚುಗಳು ಒಡೆಯುವುದಿಲ್ಲ. ಛಾಯಾಚಿತ್ರವಿಲ್ಲದೆ ಅಕ್ಷರ ಮತ್ತು ಸರಳ ಆಕೃತಿಗಳಿಂದಲೇ ಕೂಡಿದ ಬ್ಯಾನರ್‌ಗೆ ಇದು ಸೂಕ್ತ. ಕ್ರಿಟಾ ಮುಖ್ಯವಾಗಿ ಕೈಯಿಂದ ಚಿತ್ರ ಬರೆಯುವವರಿಗಾಗಿ ರೂಪುಗೊಂಡ ತಂತ್ರಾಂಶವಾಗಿದೆ. ಅಕ್ಷರಗಳನ್ನು ಇಂಕ್‌ಸ್ಕೇಪ್‌ನಲ್ಲಿ ಸಿದ್ಧಪಡಿಸಿ ಜಿಂಪ್‌ನಲ್ಲಿ ಛಾಯಾಚಿತ್ರದ ಮೇಲೆ ಕೂರಿಸುವ ಕ್ರಮವೂ ಉಂಟು.

## ಅಳತೆ ಮತ್ತು ಅನುಪಾತ

ಬ್ಯಾನರ್‌ಗೆ ಎಲ್ಲೆಡೆ ಸಲ್ಲುವ ಒಂದೇ ಅಳತೆಯಿಲ್ಲ. ಬಳಕೆಯಾಗುವ ತಾಣದ ವಿನ್ಯಾಸವೇ ಅದನ್ನು ನಿರ್ಧರಿಸುತ್ತದೆ. ವರ್ಡ್‌ಪ್ರೆಸ್ ತಂತ್ರಾಂಶದ ಎರಡು ಹಳೆಯ ವಿನ್ಯಾಸಗಳಾದ ಟ್ವೆಂಟಿ ಟೆನ್ ಮತ್ತು ಟ್ವೆಂಟಿ ಇಲೆವೆನ್‌ಗಳಲ್ಲಿ ಶೀರ್ಷಿಕೆ ಚಿತ್ರದ ಅಳತೆ ಕ್ರಮವಾಗಿ 940×198 ಮತ್ತು 1000×288 ಪಿಕ್ಸೆಲ್‌ಗಳಾಗಿದ್ದವು. ವಿಕಿಮೀಡಿಯಾದ ಪ್ರವಾಸಿ ಕೈಪಿಡಿಯಾದ ವಿಕಿವಾಯೇಜ್‌ನಲ್ಲಿ ಊರಿನ ಪುಟಗಳ ಬ್ಯಾನರ್ 7:1 ಅನುಪಾತದಲ್ಲಿರುತ್ತದೆ. ಎಂದರೆ 2100 ಪಿಕ್ಸೆಲ್ ಅಗಲಕ್ಕೆ 300 ಪಿಕ್ಸೆಲ್ ಎತ್ತರ.

ಈ ಅನುಪಾತವು ಛಾಯಾಚಿತ್ರದ ಆಯ್ಕೆಯನ್ನು ಬಹಳಷ್ಟು ಸೀಮಿತಗೊಳಿಸುತ್ತದೆ. 4000×3000 ಪಿಕ್ಸೆಲ್ ಅಳತೆಯ ಚಿತ್ರದಿಂದ ಪೂರ್ಣ ಅಗಲದ 7:1 ಪಟ್ಟಿಯನ್ನು ಕತ್ತರಿಸಿದರೆ ಉಳಿಯುವ ಎತ್ತರ ಸುಮಾರು 571 ಪಿಕ್ಸೆಲ್ ಮಾತ್ರ. ಮೂಲ ಚಿತ್ರದ ಐದನೆಯ ನಾಲ್ಕು ಭಾಗ ಹೊರಗುಳಿಯುತ್ತದೆ. ಗೋಪುರ, ಜಲಪಾತ, ನಿಂತ ವ್ಯಕ್ತಿ ಮೊದಲಾದ ಲಂಬ ವಸ್ತುಗಳು ಇಂತಹ ಪಟ್ಟಿಯಲ್ಲಿ ತುಂಡಾಗುತ್ತವೆ. ಕೋಟೆಗೋಡೆ, ನದಿದಂಡೆ, ರೈಲುಹಳಿ, ಕಲ್ಲಿನ ಪದರ ಮೊದಲಾದ ಅಡ್ಡ ವಸ್ತುಗಳು ಹೊಂದಿಕೊಳ್ಳುತ್ತವೆ.

ಅಕ್ಷರಗಳ ಗಾತ್ರವನ್ನು ನಿರ್ಧರಿಸುವಾಗ ಮೊಬೈಲ್ ಪರದೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. 2100×300 ಅಳತೆಯ ಬ್ಯಾನರ್ 360 ಪಿಕ್ಸೆಲ್ ಅಗಲದ ಮೊಬೈಲ್ ಪುಟದಲ್ಲಿ ಕುಗ್ಗಿದಾಗ ಅದರ ಎತ್ತರ ಸುಮಾರು 51 ಪಿಕ್ಸೆಲ್‌ಗೆ ಇಳಿಯುತ್ತದೆ. ಮೂಲದಲ್ಲಿ 100 ಪಿಕ್ಸೆಲ್ ಎತ್ತರವಿದ್ದ ಅಕ್ಷರ 17 ಪಿಕ್ಸೆಲ್ ಆಗುತ್ತದೆ. 40 ಪಿಕ್ಸೆಲ್ ಎತ್ತರದ ಉಪಶೀರ್ಷಿಕೆ 7 ಪಿಕ್ಸೆಲ್‌ಗಿಳಿದು ಓದಲಾಗದಂತಾಗುತ್ತದೆ. ಕನ್ನಡದಲ್ಲಿ ಒತ್ತುಗಳು ಮೂಲಾಕ್ಷರಕ್ಕಿಂತ ಚಿಕ್ಕದಾಗಿರುವುದರಿಂದ ಅವು ಎಲ್ಲಕ್ಕಿಂತ ಮೊದಲು ಮಸುಕಾಗುತ್ತವೆ. ಆದುದರಿಂದ ಬ್ಯಾನರ್‌ನಲ್ಲಿ ಒಂದು ಹೆಸರು, ಹೆಚ್ಚೆಂದರೆ ಒಂದು ಚಿಕ್ಕ ಸಾಲು ಮಾತ್ರ ಇರಿಸಿ ಉಳಿದ ವಿವರವನ್ನು ಪುಟದ ಪಠ್ಯಕ್ಕೆ ಬಿಡುವುದು ರೂಢಿ.

## ಚಿತ್ರದ ವಸ್ತು: ಕಲಬುರಗಿ ಜಿಲ್ಲೆಯ ಉದಾಹರಣೆಗಳು

ಸೇಡಂ ತಾಲ್ಲೂಕು: ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಹೆಸರಿನೊಡನೆ ಈ ಊರು ಬೆಸೆದುಕೊಂಡಿದೆ. ಇಲ್ಲಿನ ಕೋಟೆಯ ಉದ್ದನೆಯ ಗೋಡೆ ಮತ್ತು ನದಿ ಒಂದೇ ಅಡ್ಡ ಚೌಕಟ್ಟಿಗೆ ಹೊಂದುವ ವಸ್ತುಗಳು. ಇಲ್ಲಿನ ನೇಮಿನಾಥ ಬಸದಿಯಂತಹ ಕಟ್ಟಡಗಳ ಪೂರ್ಣ ನೋಟ ಪಟ್ಟಿಯಲ್ಲಿ ಹಿಡಿಸದಿದ್ದಾಗ ಕಂಬ ಅಥವಾ ಶಿಲ್ಪಸಾಲಿನ ಸಮೀಪನೋಟವನ್ನು ಬಳಸಬಹುದು.

ಚಿತ್ತಾಪುರ ತಾಲ್ಲೂಕು: ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿರುವುದು ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯ ಬೌದ್ಧ ಸ್ತೂಪವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆ ಉತ್ಖನನ ಮಾಡಿದೆ. ಅಲ್ಲಿ ದೊರೆತ ಶಿಲ್ಪಫಲಕವೊಂದರಲ್ಲಿ ಅಶೋಕನ ಹೆಸರು ಬ್ರಾಹ್ಮಿ ಲಿಪಿಯಲ್ಲಿದೆ. ಚಿತ್ತಾಪುರದ ಸಮೀಪದ ನಾಗಾವಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಾಗಿದ್ದು, ಅಲ್ಲಿನ ಅರವತ್ತು ಕಂಬದ ಗುಡಿಯ ಕಂಬಗಳ ಸಾಲು ಅಗಲವಾದ ಚೌಕಟ್ಟಿಗೆ ಒಗ್ಗುತ್ತದೆ. ನಾಗಾವಿಯ 1058ರ ಶಾಸನ ಅಲ್ಲಿನ ಗ್ರಂಥಭಂಡಾರದ ಪಾಲಕರಾದ ಸರಸ್ವತೀ ಭಂಡಾರಿಗಳನ್ನು ಉಲ್ಲೇಖಿಸುತ್ತದೆ.

ವಾಡಿ: ಚಿತ್ತಾಪುರ ತಾಲ್ಲೂಕಿನ ವಾಡಿ ರೈಲು ಜಂಕ್ಷನ್. ಸೊಲ್ಲಾಪುರ, ರಾಯಚೂರು ಮತ್ತು ಸಿಕಂದರಾಬಾದ್ ಕಡೆಯ ಹಳಿಗಳು ಇಲ್ಲಿ ಕೂಡುತ್ತವೆ. ಸಿಕಂದರಾಬಾದ್–ವಾಡಿ ಮಾರ್ಗ ನಿಜಾಮರ ಕಾಲದಲ್ಲಿ, 1874ರಲ್ಲಿ ಆರಂಭವಾಯಿತು. ಕವಲೊಡೆಯುವ ಹಳಿಗಳು ಕಣ್ಣನ್ನು ಎಡದಿಂದ ಬಲಕ್ಕೆ ಒಯ್ಯುವುದರಿಂದ ಹೆಸರನ್ನು ಇರಿಸುವ ಜಾಗ ತಾನಾಗಿಯೇ ಗೋಚರಿಸುತ್ತದೆ. ಸಿಮೆಂಟ್ ಕಾರ್ಖಾನೆಯ ಎತ್ತರದ ಗೋಪುರ ಮತ್ತು ಚಿಮಣಿಗಳನ್ನು ದೂರದಿಂದ ತೆಗೆದ ದಿಗಂತದ ನೋಟದಲ್ಲಿ ಮಾತ್ರ ಪಟ್ಟಿಗೆ ಹೊಂದಿಸಲು ಸಾಧ್ಯ.

ಶಹಾಬಾದ್: ಹಿಂದೆ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದ ಶಹಾಬಾದ್ ಈಗ ಪ್ರತ್ಯೇಕ ತಾಲ್ಲೂಕು. ಭೀಮಾ ಶಿಲಾಸಮೂಹಕ್ಕೆ ಸೇರಿದ ಇಲ್ಲಿನ ಸುಣ್ಣಕಲ್ಲು ಚಪ್ಪಟೆ ಪದರಗಳಾಗಿ ಬಿಡಿಸಿಕೊಳ್ಳುತ್ತದೆ. ನೆಲಹಾಸಿಗೆ ಬಳಸುವ ಈ ಫರ್ಸಿ ಶಹಾಬಾದ್ ಕಲ್ಲೆಂದೇ ದೂರದ ಊರುಗಳಲ್ಲಿಯೂ ಹೆಸರಾಗಿದೆ. ನೀಲಿ ಛಾಯೆಯ ಬೂದುಬಣ್ಣದ ಚಪ್ಪಡಿಯ ಮೇಲ್ಮೈಯಲ್ಲಿ ಬಣ್ಣದ ಏರಿಳಿತ ಕಡಿಮೆಯಾದುದರಿಂದ ಅದರ ಸಮೀಪಚಿತ್ರವು ಅಕ್ಷರಗಳಿಗೆ ಉತ್ತಮ ಹಿನ್ನೆಲೆಯಾಗುತ್ತದೆ. ಗಣಿಯ ಅಂಚಿನಲ್ಲಿ ಕಾಣುವ ಪದರಗಳು ತಾವಾಗಿಯೇ ಅಡ್ಡ ಗೆರೆಗಳ ವಿನ್ಯಾಸವನ್ನು ಒದಗಿಸುತ್ತವೆ.

ಚಿಂಚೋಳಿ: ಚಿಂಚೋಳಿ ವನ್ಯಜೀವಿಧಾಮವು 2011ರಲ್ಲಿ ಘೋಷಿತವಾಯಿತು, ಅದರ ವಿಸ್ತೀರ್ಣ 134.88 ಚದರ ಕಿಲೋಮೀಟರ್. ಚಂದ್ರಂಪಳ್ಳಿ ಜಲಾಶಯದ ನೀರು ಮತ್ತು ಅದರಾಚೆಯ ಗುಡ್ಡಸಾಲು ಅಗಲವಾದ ಬ್ಯಾನರ್‌ಗೆ ಹೊಂದುವ ನೋಟ. ಅದೇ ಪ್ರದೇಶದ ಎತ್ತಿಪೋತ ಜಲಪಾತದ ಚಿತ್ರ 7:1 ಪಟ್ಟಿಯಲ್ಲಿ ತನ್ನ ಎತ್ತರವನ್ನೇ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಹಸಿರಾಗಿಯೂ ಬೇಸಿಗೆಯಲ್ಲಿ ಕಂದಾಗಿಯೂ ಕಾಣುವ ಈ ಕಾಡಿನ ಚಿತ್ರವನ್ನು ಬಳಸುವಾಗ ಅಕ್ಷರದ ಬಣ್ಣವನ್ನು ಆಯಾ ಋತುವಿನ ಚಿತ್ರಕ್ಕೆ ತಕ್ಕಂತೆ ಆರಿಸಬೇಕಾಗುತ್ತದೆ.

## ರಚನೆಯ ಹಂತಗಳು

ಜಿಂಪ್‌ನಲ್ಲಿ 2100×300 ಪಿಕ್ಸೆಲ್ ಅಳತೆಯ ಬ್ಯಾನರ್ ರಚಿಸುವ ಸಾಮಾನ್ಯ ಕ್ರಮ ಹೀಗಿದೆ.

1. ಮೂಲ ಛಾಯಾಚಿತ್ರದ ಪ್ರತಿಯೊಂದನ್ನು ಜಿಂಪ್‌ನಲ್ಲಿ ತೆರೆಯಲಾಗುತ್ತದೆ. ಮೂಲ ಕಡತವನ್ನು ಹಾಗೆಯೇ ಪ್ರತ್ಯೇಕವಾಗಿ ಉಳಿಸಿಕೊಳ್ಳಲಾಗುತ್ತದೆ.

2. ದಿಗಂತ ಓರೆಯಾಗಿದ್ದರೆ ತಿರುಗಿಸುವ ಉಪಕರಣದಿಂದ ನೇರಗೊಳಿಸಲಾಗುತ್ತದೆ. ಪಟ್ಟಿಯು ಉದ್ದವಾದಷ್ಟೂ ಸಣ್ಣ ಓರೆಯೂ ಎದ್ದು ಕಾಣುವುದರಿಂದ ಕತ್ತರಿಸುವ ಮೊದಲೇ ಈ ಕೆಲಸ ಮುಗಿಯಬೇಕು.

3. ಕತ್ತರಿಸುವ ಉಪಕರಣದ ಆಯ್ಕೆಗಳಲ್ಲಿ ಸ್ಥಿರ ಅನುಪಾತವನ್ನು ಗುರುತಿಸಿ 7:1 ಎಂದು ನಮೂದಿಸಲಾಗುತ್ತದೆ. ಆಗ ಚೌಕಟ್ಟನ್ನು ಎಲ್ಲಿಗೆ ಎಳೆದರೂ ಅನುಪಾತ ಕೆಡುವುದಿಲ್ಲ.

4. 'ಇಮೇಜ್' ಪಟ್ಟಿಯ 'ಸ್ಕೇಲ್ ಇಮೇಜ್' ಆಯ್ಕೆಯಿಂದ ಅಗಲವನ್ನು 2100 ಪಿಕ್ಸೆಲ್‌ಗೆ ಇಳಿಸಲಾಗುತ್ತದೆ. ಅಗಲ ಮತ್ತು ಎತ್ತರಗಳ ನಡುವಿನ ಸರಪಳಿಯ ಗುರುತು ಕೂಡಿಕೊಂಡಿದ್ದರೆ ಎತ್ತರ ತಾನಾಗಿಯೇ 300 ಆಗುತ್ತದೆ. ಕತ್ತರಿಸಿದ ಪಟ್ಟಿ 2100 ಪಿಕ್ಸೆಲ್‌ಗಿಂತ ಕಿರಿದಾಗಿದ್ದರೆ ಹಿಗ್ಗಿಸುವುದರಿಂದ ಚಿತ್ರ ಮಸುಕಾಗುತ್ತದೆ. ಅಂತಹ ಸಂದರ್ಭದಲ್ಲಿ ಬೇರೆ ಚಿತ್ರವನ್ನು ಆರಿಸುವುದೇ ಸರಿ.

5. 'ಲೆವೆಲ್ಸ್' ಅಥವಾ 'ಕರ್ವ್ಸ್' ಆಯ್ಕೆಯಿಂದ ಬೆಳಕನ್ನು ತಿದ್ದಲಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಚಿತ್ರಗಳಲ್ಲಿ ಕಲ್ಲು ಬಿಳಿಚಿಕೊಂಡು ನೆರಳು ಕಪ್ಪಾಗಿರುವುದು ಸಾಮಾನ್ಯ.

6. ಚಿತ್ರದ ಮೇಲೆ ಹೊಸ ಲೇಯರ್ ಸೇರಿಸಿ, ಹೆಸರು ಬರುವ ಕಡೆಯಲ್ಲಿ ಕಪ್ಪಿನಿಂದ ಪಾರದರ್ಶಕಕ್ಕೆ ಇಳಿಯುವ ಬಣ್ಣದ ಇಳಿಜಾರನ್ನು ಎಳೆಯಲಾಗುತ್ತದೆ. ಲೇಯರ್‌ನ ಸಾಂದ್ರತೆಯನ್ನು ತಗ್ಗಿಸಿದರೆ ಹಿಂದಿನ ದೃಶ್ಯ ಉಳಿದುಕೊಂಡೇ ಅಕ್ಷರಕ್ಕೆ ಗಾಢವಾದ ನೆಲೆ ದೊರೆಯುತ್ತದೆ.

7. ಪಠ್ಯ ಉಪಕರಣದಿಂದ ಹೆಸರನ್ನು ಸೇರಿಸಲಾಗುತ್ತದೆ. ಇದು ಪ್ರತ್ಯೇಕ ಲೇಯರ್ ಆಗಿ ಉಳಿಯುವುದರಿಂದ ಅಕ್ಷರ, ಬಣ್ಣ ಮತ್ತು ಸ್ಥಾನಗಳನ್ನು ಮುಂದೆಯೂ ಬದಲಿಸಬಹುದು.

8. ಕೆಲಸದ ಕಡತವನ್ನು ಜಿಂಪ್‌ನ ಸ್ವಂತ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿ, ಪ್ರಕಟಣೆಗಾಗಿ 'ಎಕ್ಸ್‌ಪೋರ್ಟ್' ಆಯ್ಕೆಯಿಂದ ಜೆಪೆಗ್, ಪಿಎನ್‌ಜಿ ಅಥವಾ ವೆಬ್‌ಪಿ ರೂಪದ ಪ್ರತಿಯನ್ನು ತೆಗೆಯಲಾಗುತ್ತದೆ.

2.8ನೆಯ ಆವೃತ್ತಿಯಿಂದೀಚೆಗೆ ಜಿಂಪ್‌ನಲ್ಲಿ ಉಳಿಸುವುದು ಮತ್ತು ರಫ್ತು ಮಾಡುವುದು ಬೇರೆ ಬೇರೆ ಕ್ರಿಯೆಗಳಾಗಿವೆ. ಎಕ್ಸ್‌ಸಿಎಫ್ ಕಡತದಲ್ಲಿ ಲೇಯರ್‌ಗಳೆಲ್ಲವೂ ಹಾಗೆಯೇ ಇರುತ್ತವೆ. ಜೆಪೆಗ್ ಕಡತದಲ್ಲಿ ಎಲ್ಲವೂ ಒಂದೇ ಚಿತ್ರವಾಗಿ ಬೆರೆತುಹೋಗುತ್ತದೆ. ಹೆಸರಿನಲ್ಲಿ ಒಂದು ಒತ್ತು ತಪ್ಪಿದ್ದರೂ ಎಕ್ಸ್‌ಸಿಎಫ್ ಪ್ರತಿ ಇದ್ದಲ್ಲಿ ಕ್ಷಣದಲ್ಲಿ ತಿದ್ದಬಹುದು. ಜೆಪೆಗ್ ಮಾತ್ರ ಉಳಿದಿದ್ದರೆ ಬ್ಯಾನರನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ.

## ಕನ್ನಡ ಅಕ್ಷರ ಜೋಡಣೆ

### ಯೂನಿಕೋಡ್ ಮತ್ತು ಹಳೆಯ ಫಾಂಟ್‌ಗಳು

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ವಿಭಾಗವಿದೆ. ಅಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ. ವ್ಯಂಜನ, ವಿರಾಮ ಚಿಹ್ನೆ ಮತ್ತು ಮತ್ತೊಂದು ವ್ಯಂಜನ ಒಂದರ ಪಕ್ಕದಲ್ಲೊಂದು ದಾಖಲಾಗುತ್ತವೆ. ಅವನ್ನು ಒತ್ತಕ್ಷರವಾಗಿ ತೋರಿಸುವುದು ತಂತ್ರಾಂಶ ಮತ್ತು ಫಾಂಟ್‌ಗಳ ಕೆಲಸ. 'ಚಿತ್ತಾಪುರ' ಎಂಬ ಹೆಸರಿನಲ್ಲಿ ಓದುಗರಿಗೆ ಕಾಣುವುದು ನಾಲ್ಕು ಅಕ್ಷರಗಳಾದರೂ ಗಣಕದಲ್ಲಿ ದಾಖಲಾಗುವುದು 9 ಸಂಕೇತಗಳು. 'ರಾಷ್ಟ್ರಕೂಟ' ಎಂಬಲ್ಲಿಯೂ ಕಾಣುವ ಅಕ್ಷರಗಳು ನಾಲ್ಕು, ಸಂಕೇತಗಳು 10.

ಹಳೆಯ ಅನೇಕ ಚಿತ್ರ ಸಂಪಾದನಾ ತಂತ್ರಾಂಶಗಳಲ್ಲಿ ಈ ಜೋಡಣೆಯ ಸಾಮರ್ಥ್ಯವಿರಲಿಲ್ಲ. ಅಡೋಬ್ ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಅಕ್ಷರದ ಕೆಳಗೆ ಕೂರದೆ ಬಿಡಿಯಾಗಿ ಮೂಡುತ್ತಿದ್ದವು. ಆದುದರಿಂದ ಡಿಟಿಪಿ ಕೇಂದ್ರಗಳು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತವ್ಯವಸ್ಥೆಯ ಫಾಂಟ್‌ಗಳನ್ನೇ ನೆಚ್ಚಿಕೊಂಡವು. ಈ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಇರಿಸುತ್ತವೆ. ಪರದೆಯಲ್ಲಿ ರೂಪ ಸರಿಯಾಗಿ ಕಂಡರೂ ಅದರ ಹಿಂದಿರುವ ಪಠ್ಯ ಕನ್ನಡವಲ್ಲ. ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತದೆ. ಫೋಟೋಶಾಪ್‌ನ ಇತ್ತೀಚಿನ ಆವೃತ್ತಿಗಳಲ್ಲಿ ಸೂಕ್ತ ಪಠ್ಯವಿನ್ಯಾಸದ ಆಯ್ಕೆಯನ್ನು ಗುರುತಿಸಿದಾಗ ಕನ್ನಡ ಸರಿಯಾಗಿ ಮೂಡುತ್ತದೆ.

ಜಿಂಪ್‌ನಲ್ಲಿ ಪ್ಯಾಂಗೋ ಇರುವುದರಿಂದ ಯೂನಿಕೋಡ್ ಪಠ್ಯವನ್ನು ನೇರವಾಗಿ ಬಳಸಬಹುದು. ಹಳೆಯ ನುಡಿ ಕಡತದಲ್ಲಿರುವ ಪಠ್ಯವನ್ನು ಮೊದಲು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಚಿತ್ರದ ಮೇಲೆಯೇ ಕನ್ನಡ ಟೈಪಿಸುವುದು ಕಷ್ಟವೆನಿಸಿದಲ್ಲಿ ಸಾಮಾನ್ಯ ಪಠ್ಯ ಸಂಪಾದಕದಲ್ಲಿ ಬರೆದು ನಕಲಿಸಿ ಅಂಟಿಸುವ ಕ್ರಮವಿದೆ.

### ಪರೀಕ್ಷಾ ಪದಗಳು

ಒಂದು ಫಾಂಟ್ ಅಥವಾ ತಂತ್ರಾಂಶ ಕನ್ನಡವನ್ನು ಸರಿಯಾಗಿ ತೋರಿಸುತ್ತದೆಯೇ ಎಂಬುದನ್ನು ಈ ಪ್ರದೇಶದ ಹೆಸರುಗಳಿಂದಲೇ ಪರೀಕ್ಷಿಸಬಹುದು.

* ಚಿತ್ತಾಪುರ, ಸನ್ನತಿ: ಸಜಾತೀಯ ಒತ್ತು ಮೂಲಾಕ್ಷರದ ಕೆಳಗೆ ಕೂರಬೇಕು. ವಿರಾಮ ಚಿಹ್ನೆ ಬೇರೆಯಾಗಿ ಕಾಣಬಾರದು.
* ಮಾನ್ಯಖೇಟ: ವಿಜಾತೀಯ ಒತ್ತು, ಯಕಾರದ ಒತ್ತು ನಕಾರಕ್ಕೆ ತಾಗಿಕೊಂಡು ಬರಬೇಕು.
* ರಾಷ್ಟ್ರಕೂಟ: ಒಂದೇ ಅಕ್ಷರಕ್ಕೆ ಎರಡು ಒತ್ತುಗಳು. ಇವು ಒಂದರ ಮೇಲೊಂದು ಬಿದ್ದು ಕಲಸಿಹೋಗಬಾರದು.
* ಕರ್ನಾಟಕ: ಅರ್ಕಾವತ್ತು ನಕಾರದ ನಂತರ ಬರಬೇಕು.
* ಸೇಡಂ, ಚಿಂಚೋಳಿ: ದೀರ್ಘ ಚಿಹ್ನೆ ಮತ್ತು ಅನುಸ್ವಾರಗಳು ಅಕ್ಷರದಿಂದ ದೂರ ಸರಿಯಬಾರದು.
* ಶಹಾಬಾದ್‌ನ: ದಕಾರದ ವಿರಾಮ ಉಳಿದು ನಕಾರ ಪ್ರತ್ಯೇಕವಾಗಿ ನಿಲ್ಲಬೇಕು.

ಕೊನೆಯ ಉದಾಹರಣೆಗೆ ವಿಶೇಷ ಗಮನ ಅಗತ್ಯ. 'ಶಹಾಬಾದ್' ಎಂಬುದಕ್ಕೆ ವಿಭಕ್ತಿ ಪ್ರತ್ಯಯ ಸೇರಿಸಿ ನೇರವಾಗಿ ಟೈಪಿಸಿದರೆ ಅದು 'ಶಹಾಬಾದ್ನ' ಎಂದಾಗಿ ನಕಾರವು ದಕಾರದ ಒತ್ತಾಗಿಬಿಡುತ್ತದೆ. ಇದನ್ನು ತಡೆಯಲು ವಿರಾಮ ಮತ್ತು ನಕಾರಗಳ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಬೇರ್ಪಡಿಕೆ ಸಂಕೇತವೊಂದನ್ನು ಇರಿಸಲಾಗುತ್ತದೆ. ಹೊರಗಿನಿಂದ ನಕಲಿಸಿ ತಂದ ಪಠ್ಯದಲ್ಲಿ ಈ ಸಂಕೇತ ಕಳೆದುಹೋಗಿರುವ ಸಾಧ್ಯತೆಯಿರುವುದರಿಂದ ಅಂಟಿಸಿದ ನಂತರ ಮತ್ತೊಮ್ಮೆ ಓದಿ ನೋಡುವುದು ಅವಶ್ಯಕ.

### ಮುಕ್ತ ಫಾಂಟ್‌ಗಳು

ಮುಕ್ತ ಪರವಾನಗಿಯ ಕನ್ನಡ ಯೂನಿಕೋಡ್ ಫಾಂಟ್‌ಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ, ಕೈಬರಹದ ಶೈಲಿಯ ನವಿಲು, ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಲೂ ತಮ್ಮ, ಅಕಾಯಾ ಕನಡಕ, ಟಿರೊ ಕನ್ನಡ ಮತ್ತು ಅನೇಕ್ ಕನ್ನಡ ಸೇರಿವೆ. ಬಲೂ ತಮ್ಮ ದಪ್ಪನಾದ ಗೆರೆಗಳುಳ್ಳದ್ದಾದುದರಿಂದ ಸಣ್ಣ ಪರದೆಯಲ್ಲಿಯೂ ಹೆಸರು ಎದ್ದು ಕಾಣುತ್ತದೆ. ನೋಟೊ ಮತ್ತು ಅನೇಕ್ ಕುಟುಂಬಗಳಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ. ಅತಿ ದಪ್ಪನೆಯ ತೂಕದಲ್ಲಿ ಒತ್ತಿನೊಳಗಿನ ಬಿಳಿಜಾಗ ಮುಚ್ಚಿಹೋಗುವ ಅಪಾಯವಿರುವುದರಿಂದ ಮಧ್ಯಮ ಅಥವಾ ಅರೆದಪ್ಪ ತೂಕವನ್ನು ಆರಿಸುವುದು ಲೇಸು.

ಪಠ್ಯವನ್ನು ಬ್ಯಾನರ್‌ನ ಕೆಳ ಅಂಚಿಗೆ ತೀರ ಸಮೀಪದಲ್ಲಿ ಇರಿಸಿದರೆ ಒತ್ತುಗಳು ಕತ್ತರಿಸಿಹೋಗುತ್ತವೆ. ಇಂಗ್ಲಿಷ್ ಹೆಸರಿಗೆ ಸಾಕಾಗುವ ಅಂಚು ಕನ್ನಡಕ್ಕೆ ಸಾಲದು. ಎರಡು ಸಾಲುಗಳಿದ್ದಲ್ಲಿ ಮೇಲಿನ ಸಾಲಿನ ಒತ್ತು ಮತ್ತು ಕೆಳಗಿನ ಸಾಲಿನ ಗುಡಿಸು ಪರಸ್ಪರ ತಾಗದಂತೆ ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಬೇಕು.

ಇಂಕ್‌ಸ್ಕೇಪ್‌ನಲ್ಲಿ ರಚಿಸಿದ ಎಸ್‌ವಿಜಿ ಕಡತವನ್ನು ಹಾಗೆಯೇ ಪ್ರಕಟಿಸುವುದಾದರೆ ಪಠ್ಯವನ್ನು ಆಕೃತಿಯಾಗಿ ಪರಿವರ್ತಿಸಲಾಗುತ್ತದೆ. ಇಲ್ಲವಾದಲ್ಲಿ ಆ ಫಾಂಟ್ ಇಲ್ಲದ ಗಣಕದಲ್ಲಿ ಹೆಸರು ಬೇರೊಂದು ಫಾಂಟ್‌ನಲ್ಲಿ ಕಾಣಿಸಿಕೊಂಡು ವಿನ್ಯಾಸ ಕೆಡುತ್ತದೆ.

## ಬಹುಲಿಪಿ ಬ್ಯಾನರ್‌ಗಳು

ಈ ಪ್ರದೇಶ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. ಇಂದಿಗೂ ಈ ಊರುಗಳಲ್ಲಿ ಅದು ಜೀವಂತ ಭಾಷೆ. ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳು ತೆಲಂಗಾಣದ ಗಡಿಗೆ ತಾಗಿಕೊಂಡಿರುವುದರಿಂದ ತೆಲುಗಿನ ಬಳಕೆಯೂ ಉಂಟು.

ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿ. ಜಿಂಪ್‌ನ ಪಠ್ಯ ಉಪಕರಣದಲ್ಲಿ ಬರವಣಿಗೆಯ ದಿಕ್ಕನ್ನು ಬದಲಿಸುವ ಆಯ್ಕೆಯಿದೆ. ಕನ್ನಡ ಮತ್ತು ಉರ್ದು ಹೆಸರುಗಳನ್ನು ಒಂದೇ ಪಠ್ಯಪೆಟ್ಟಿಗೆಯಲ್ಲಿ ಇರಿಸುವ ಬದಲು ಎರಡು ಪ್ರತ್ಯೇಕ ಲೇಯರ್‌ಗಳಲ್ಲಿ, ಕನ್ನಡವನ್ನು ಎಡ ಅಂಚಿಗೂ ಉರ್ದುವನ್ನು ಬಲ ಅಂಚಿಗೂ ಹೊಂದಿಸಿದರೆ ಎರಡೂ ತಮ್ಮ ಸಹಜ ಆರಂಭಸ್ಥಾನದಿಂದ ಹೊರಡುತ್ತವೆ. ಉರ್ದು ಓದುಗರಿಗೆ ರೂಢಿಯಾದ ನಸ್ತಾಲಿಕ್ ಶೈಲಿಯಲ್ಲಿ ಪದವು ಬಲದ ಮೇಲ್ತುದಿಯಿಂದ ಎಡದ ಕೆಳಗಿಳಿಯುವುದರಿಂದ ಅದಕ್ಕೆ ಕನ್ನಡಕ್ಕಿಂತ ಹೆಚ್ಚಿನ ಎತ್ತರ ಬೇಕಾಗುತ್ತದೆ. ನೋಟೊ ನಸ್ತಾಲಿಕ್ ಉರ್ದು ಈ ಶೈಲಿಯ ಮುಕ್ತ ಫಾಂಟ್ ಆಗಿದೆ. ಎರಡೂ ಲಿಪಿಗಳಿಗೆ ಒಂದೇ ಅಂಕಿಯ ಗಾತ್ರ ಕೊಟ್ಟರೆ ಅವು ಸಮನಾಗಿ ಕಾಣುವುದಿಲ್ಲ, ಕಣ್ಣಳತೆಯಿಂದ ಹೊಂದಿಸಬೇಕಾಗುತ್ತದೆ.

ತೆಲುಗು ಮತ್ತು ಕನ್ನಡ ಲಿಪಿಗಳು ಹತ್ತಿರದ ಸಂಬಂಧಿಗಳು. ಆದರೂ ಯೂನಿಕೋಡ್‌ನಲ್ಲಿ ಅವುಗಳಿಗೆ ಅಕ್ಕಪಕ್ಕದ ಬೇರೆ ಬೇರೆ ವಿಭಾಗಗಳಿವೆ. ಆಯ್ದ ಫಾಂಟ್‌ನಲ್ಲಿ ತೆಲುಗಿನ ಆಕೃತಿಗಳು ಇಲ್ಲದಿದ್ದರೆ ತಂತ್ರಾಂಶ ತಾನೇ ಬೇರೊಂದು ಫಾಂಟನ್ನು ಬಳಸುತ್ತದೆ. ಆಗ ಎರಡು ಹೆಸರುಗಳ ದಪ್ಪ ಬೇರೆಬೇರೆಯಾಗುತ್ತದೆ. ನೋಟೊ, ಬಲೂ ಮತ್ತು ಅನೇಕ್ ಕುಟುಂಬಗಳಲ್ಲಿ ಎರಡೂ ಲಿಪಿಗಳ ಫಾಂಟ್‌ಗಳು ಜೊತೆಯಾಗಿ ರೂಪುಗೊಂಡಿರುವುದರಿಂದ ಈ ತೊಡಕು ತಪ್ಪುತ್ತದೆ. ಸನ್ನತಿಯ ಪುಟಕ್ಕಾಗಿ ಬ್ರಾಹ್ಮಿ ಲಿಪಿಯನ್ನು ಬಳಸುವುದಾದರೆ, ಅದೂ 2010ರಿಂದ ಯೂನಿಕೋಡ್‌ನಲ್ಲಿದೆ. ನೋಟೊ ಸ್ಯಾನ್ಸ್ ಬ್ರಾಹ್ಮಿ ಫಾಂಟ್ ಉಚಿತವಾಗಿ ದೊರೆಯುತ್ತದೆ.

## ಬಣ್ಣಭೇದ ಮತ್ತು ಓದುವ ಸೌಲಭ್ಯ

ಅಂತರಜಾಲದ ವಿಷಯಗಳ ಸುಲಭಲಭ್ಯತೆಗಾಗಿ ವರ್ಲ್ಡ್ ವೈಡ್ ವೆಬ್ ಒಕ್ಕೂಟ ರೂಪಿಸಿರುವ ಮಾರ್ಗಸೂಚಿಯ ಪ್ರಕಾರ ಅಕ್ಷರ ಮತ್ತು ಹಿನ್ನೆಲೆಗಳ ಬಣ್ಣಭೇದವು ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5:1, ದೊಡ್ಡ ಪಠ್ಯಕ್ಕೆ ಕನಿಷ್ಠ 3:1 ಇರಬೇಕು. ಅಪ್ಪಟ ಕಪ್ಪು ಮತ್ತು ಬಿಳಿಗಳ ನಡುವಿನ ಪ್ರಮಾಣ 21:1. ಶಹಾಬಾದ್ ಕಲ್ಲಿನಂತಹ ಮಧ್ಯಮ ಬೂದುಬಣ್ಣದ ಹಿನ್ನೆಲೆ ಇಲ್ಲಿ ತೊಡಕನ್ನು ಒಡ್ಡುತ್ತದೆ. ಕೆಂಪು, ಹಸಿರು, ನೀಲಿ ಮೂರೂ 128 ಇರುವ ಬೂದಿಯ ಮೇಲೆ ಬಿಳಿ ಅಕ್ಷರದ ಪ್ರಮಾಣ ಸುಮಾರು 3.9:1, ಕಪ್ಪು ಅಕ್ಷರದ ಪ್ರಮಾಣ ಸುಮಾರು 5.3:1. ಬಿಳಿಯೇ ಎದ್ದು ಕಾಣುತ್ತದೆ ಎಂಬ ಊಹೆ ಇಂತಹ ಸಂದರ್ಭದಲ್ಲಿ ಸರಿಯಾಗುವುದಿಲ್ಲ. ಬಿಳಿ ಅಕ್ಷರವೇ ಬೇಕಾದಲ್ಲಿ ಹಿನ್ನೆಲೆಯನ್ನು ಇನ್ನಷ್ಟು ಗಾಢಗೊಳಿಸಬೇಕಾಗುತ್ತದೆ.

ಚಿತ್ರದೊಳಗಿನ ಅಕ್ಷರಗಳನ್ನು ದೃಷ್ಟಿದೋಷವುಳ್ಳವರು ಬಳಸುವ ಪರದೆವಾಚಕ ತಂತ್ರಾಂಶಗಳು ಪಠ್ಯವೆಂದು ಗುರುತಿಸುವುದಿಲ್ಲ. ಆದುದರಿಂದ ಬ್ಯಾನರ್‌ನಲ್ಲಿರುವ ಹೆಸರನ್ನು ಚಿತ್ರದ ಪರ್ಯಾಯ ಪಠ್ಯವಾಗಿಯೂ ಪುಟದ ಶೀರ್ಷಿಕೆಯಾಗಿಯೂ ಯೂನಿಕೋಡ್ ಕನ್ನಡದಲ್ಲಿ ನೀಡಲಾಗುತ್ತದೆ. ಹುಡುಕು ಯಂತ್ರಗಳಿಗೂ ಇದರಿಂದ ಅನುಕೂಲ. ಚಿತ್ರದಲ್ಲಿ ಮಾತ್ರ 'ಮಳಖೇಡ' ಎಂದು ಬರೆದಿರುವ ಪುಟವು ಆ ಪದವನ್ನು ಹುಡುಕುವವರಿಗೆ ಸಿಗದೇ ಹೋಗಬಹುದು.

## ಕಡತದ ರೂಪ ಮತ್ತು ಗಾತ್ರ

2100×300 ಅಳತೆಯ ಚಿತ್ರದಲ್ಲಿ 6,30,000 ಪಿಕ್ಸೆಲ್‌ಗಳಿವೆ. ಪ್ರತಿ ಪಿಕ್ಸೆಲ್‌ಗೆ 3 ಬೈಟ್‌ಗಳಂತೆ ಸಂಕುಚನವಿಲ್ಲದೆ ಇದು 18,90,000 ಬೈಟ್‌ಗಳಾಗುತ್ತದೆ. ಛಾಯಾಚಿತ್ರವುಳ್ಳ ಬ್ಯಾನರ್‌ಗೆ ಜೆಪೆಗ್ ಅಥವಾ ವೆಬ್‌ಪಿ, ಸಪಾಟು ಬಣ್ಣ ಮತ್ತು ಅಕ್ಷರಗಳಷ್ಟೇ ಇರುವ ಬ್ಯಾನರ್‌ಗೆ ಪಿಎನ್‌ಜಿ ಸೂಕ್ತ. ಜೆಪೆಗ್‌ನಲ್ಲಿ ಗುಣಮಟ್ಟವನ್ನು ಅತಿಯಾಗಿ ಇಳಿಸಿದರೆ ಅಕ್ಷರಗಳ ಅಂಚಿನಲ್ಲಿ ಕಲೆಗಳು ಮೂಡುತ್ತವೆ. ಒತ್ತುಗಳ ಸಣ್ಣ ಸುರುಳಿಗಳಲ್ಲಿ ಇದು ಬೇಗನೆ ಕಣ್ಣಿಗೆ ಬೀಳುತ್ತದೆ. ರಫ್ತಿನ ಸಮಯದಲ್ಲಿ ಮುನ್ನೋಟದ ಆಯ್ಕೆಯನ್ನು ಗುರುತಿಸಿ ಗುಣಮಟ್ಟ ಮತ್ತು ಗಾತ್ರಗಳನ್ನು ತೂಗಿ ನೋಡಬಹುದು.

## ಹಕ್ಕುಸ್ವಾಮ್ಯ

ಹುಡುಕು ಯಂತ್ರದಲ್ಲಿ ಕಾಣುವ ಚಿತ್ರಗಳೆಲ್ಲವೂ ಮುಕ್ತವಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಹಕ್ಕು ಛಾಯಾಗ್ರಾಹಕರ ಜೀವಿತಾವಧಿಯುದ್ದಕ್ಕೂ, ಅವರು ಮರಣ ಹೊಂದಿದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೂ ಇರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ಇರುವ ಶಿಲ್ಪಗಳ ಹಾಗೂ ವಾಸ್ತುಕೃತಿಗಳ ಛಾಯಾಚಿತ್ರ ತೆಗೆಯುವುದಕ್ಕೆ ಅದೇ ಕಾಯ್ದೆಯ 52ನೆಯ ವಿಧಿ ಅವಕಾಶ ನೀಡುತ್ತದೆ. ಆದರೆ ಮತ್ತೊಬ್ಬರು ತೆಗೆದ ಕೋಟೆಯ ಚಿತ್ರವನ್ನು ಬಳಸಲು, ಕೋಟೆ ಎಷ್ಟೇ ಪುರಾತನವಾಗಿದ್ದರೂ, ಛಾಯಾಗ್ರಾಹಕರ ಅನುಮತಿ ಅಥವಾ ಮುಕ್ತ ಪರವಾನಗಿ ಅಗತ್ಯ.

2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಮುಕ್ತ ಪರವಾನಗಿಯ ಚಿತ್ರಗಳ ಭಂಡಾರ. ಅಲ್ಲಿನ ಅನೇಕ ಚಿತ್ರಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಡಿ ಇವೆ. ಕೃತಿಕಾರರ ಉಲ್ಲೇಖವನ್ನು ಬೇಡುವ ಪರವಾನಗಿಯಿದ್ದಲ್ಲಿ ಛಾಯಾಗ್ರಾಹಕರ ಹೆಸರು ಮತ್ತು ಪರವಾನಗಿಯನ್ನು ಬ್ಯಾನರ್‌ನ ಮೇಲೆಯೇ ಬರೆಯಬೇಕೆಂದಿಲ್ಲ. ಪುಟದ ಕೆಳಭಾಗದಲ್ಲಿ ನೀಡಬಹುದು. ಸಮಾನ ಹಂಚಿಕೆಯ ಷರತ್ತು ಇರುವ ಚಿತ್ರವನ್ನು ಮಾರ್ಪಡಿಸಿ ರಚಿಸಿದ ಬ್ಯಾನರನ್ನೂ ಅದೇ ಪರವಾನಗಿಯಡಿ ಹಂಚಬೇಕಾಗುತ್ತದೆ.

## ಮುದ್ರಿತ ಬ್ಯಾನರ್‌ಗಿಂತ ವ್ಯತ್ಯಾಸ

ಆಡುಮಾತಿನಲ್ಲಿ ಬ್ಯಾನರ್ ಎಂದರೆ ಬೀದಿಯಲ್ಲಿ ಕಟ್ಟುವ ಫ್ಲೆಕ್ಸ್ ಎಂಬ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ಫ್ಲೆಕ್ಸ್‌ನ ಅಳತೆ ಅಡಿಗಳಲ್ಲಿರುತ್ತದೆ, ಪರದೆಯ ಬ್ಯಾನರ್‌ನದು ಪಿಕ್ಸೆಲ್‌ಗಳಲ್ಲಿ. ಪರದೆಯ ಬಣ್ಣಗಳು ಕೆಂಪು, ಹಸಿರು, ನೀಲಿ ಬೆಳಕುಗಳ ಮಿಶ್ರಣ. ಮುದ್ರಣದಲ್ಲಿ ನಾಲ್ಕು ಶಾಯಿಗಳ ಬಳಕೆಯಿರುವುದರಿಂದ ಗಾಢವಾದ ನೀಲಿ, ಹಸಿರುಗಳು ಮಂಕಾಗುತ್ತವೆ. ಜಾಲಪುಟದ ಬ್ಯಾನರ್ ಕಡತವನ್ನೇ ಮುದ್ರಣಕ್ಕೆ ಕೊಟ್ಟರೆ ಹಿಗ್ಗಿದಾಗ ಅಕ್ಷರಗಳು ಒಡೆಯುತ್ತವೆ. ಎರಡೂ ಕಡೆ ಬಳಸುವ ಉದ್ದೇಶವಿದ್ದಲ್ಲಿ ಅಕ್ಷರಭಾಗವನ್ನು ಇಂಕ್‌ಸ್ಕೇಪ್‌ನಲ್ಲಿ ರಚಿಸಿ ಎಸ್‌ವಿಜಿ ರೂಪದಲ್ಲಿ ಉಳಿಸಿಕೊಳ್ಳಲಾಗುತ್ತದೆ. ಕರ್ನಾಟಕ ಸರ್ಕಾರವು 2016ರಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯ ವ್ಯಾಪ್ತಿಗೆ ಫ್ಲೆಕ್ಸ್ ಮತ್ತು ಬ್ಯಾನರ್‌ಗಳೂ ಸೇರಿವೆ.

## ಇವನ್ನೂ ನೋಡಿ

* ಜಿಂಪ್
* ಇಂಕ್‌ಸ್ಕೇಪ್
* ಯೂನಿಕೋಡ್
* ಕನ್ನಡ ಲಿಪಿ
* ಮಳಖೇಡ
* ಸನ್ನತಿ
* ಚಿಂಚೋಳಿ ವನ್ಯಜೀವಿಧಾಮ